ಸೋದರಮಾವ ಯಾಕೆ ಬರಲಿಲ್ಲ ಅಂದರೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ತಮ್ಮ ಮನೆ ಮದುವೆಯ ಬೇಜಾರು ತೋಡಿಕೊಂಡಿದ್ದರು. ಬರ್ತೀವಿ ಅಂದ ನೆಂಟರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು, ನೂರಾರು ಎಲೆ ಊಟ ದಂಡವಾಯಿತು ಎಂದು. ಅನ್ನ ಚೆಲ್ಲುವುದು ಯಾರಿಗಾದರೂ ಸಂಕಟವೇ. ಅಲ್ಲಿವರೆಗೆ ನನ್ನ ತಕರಾರಿಲ್ಲ. ಆದರೆ ಕೊನೆಗೆ ಅವರು, ಮನೆಯವರಿಗೆ ಹುಷಾರಿಲ್ಲ ಅನ್ನೋದು ಈಗ ಎಲ್ಲಕ್ಕಿಂತ ಸಲೀಸಾದ ನೆಪ ಆಗಿಬಿಟ್ಟಿದೆ ಎಂದು ಬರೆದಿದ್ದರು. ಅದನ್ನು ಓದಿ ಪೇಪರ್ ಮಡಿಸಿ ಕಿಟಕಿ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದು ಓದಿದೆ. ಈ ಮೇ ತಿಂಗಳಲ್ಲಿ ಆ ನೆಪ ಹೇಳಿದವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಪತ್ರ. ಉದ್ದವಾದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಬಳೆಯ ವಿಷಯ ಮಾತ್ರ ಬಿಡಬೇಡಿ.

ನಾನು ಹಾಸನ ಜಿಲ್ಲೆಯವನು. 31 ವರ್ಷ ಸರ್ಕಾರಿ ಬಸ್ ಓಡಿಸಿ ನಿವೃತ್ತನಾದವನು. ಊರಿಗೆಲ್ಲ ಹಬ್ಬ ಬಂತು ಅಂದರೆ ಡ್ರೈವರ್‌ಗೆ ಸ್ಪೆಷಲ್ ಬಸ್ ಬಂತು ಅಂತಲೇ ಅರ್ಥ. ಯುಗಾದಿ, ಗೌರಿ, ದಸರಾ, ದೀಪಾವಳಿ ಯಾವುದೂ ನಮ್ಮದಲ್ಲ. ಜನ ಊರು ಸೇರಬೇಕು, ಸೇರಿಸುವವರು ನಾವು. ನನ್ನ ಮಗ ಹುಟ್ಟಿದ ದಿನ ನಾನು ಧರ್ಮಸ್ಥಳದ ಟ್ರಿಪ್‌ನಲ್ಲಿದ್ದೆ. ಶಿರಾಡಿ ಘಾಟಿನಲ್ಲಿ ಲಾರಿಯೊಂದು ಅಡ್ಡ ಬಿದ್ದು ಐದು ಗಂಟೆ ಗಾಡಿ ಅಲ್ಲಾಡಲಿಲ್ಲ. ಗಂಡು ಮಗು ಅಂತ ಗೊತ್ತಾಗಿದ್ದು ಮಾರನೇ ದಿನ, ಡಿಪೊ ಗೇಟಿನಲ್ಲಿ, ವಾಚ್‌ಮನ್ ಬಾಯಿಂದ. ಭಾವಮೈದುನನ ಮದುವೆ ತಪ್ಪಿತು. ನಮ್ಮದೇ ಮನೆಯ ಗೃಹಪ್ರವೇಶಕ್ಕೆ ಹೋಮ ಮುಗಿದು ಎಲೆ ಹಾಕುವ ಹೊತ್ತಿಗೆ ಬಂದು ಮುಟ್ಟಿದೆ. ಅಷ್ಟು ವರ್ಷ ಯಾರೂ ಒಂದು ಮಾತು ಆಡಲಿಲ್ಲ. "ಪಾಪ, ಡ್ಯೂಟಿ ಇತ್ತಂತೆ" ಅಂದುಬಿಡುತ್ತಿದ್ದರು. ನನ್ನ ಪಾಲಿನ ಹೋಳಿಗೆಯನ್ನು ಡಬ್ಬಿಗೆ ಹಾಕಿ ಕಳಿಸುತ್ತಿದ್ದರು.

ರಿಟೈರ್ ಆದ ದಿನ ಡಿಪೊದಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬಂದಾಗ ಹೆಂಡತಿ ಕೇಳಿದಳು: "ಇನ್ನು ಮೇಲಾದರೂ ನನ್ನ ಜೊತೆ ಮದುವೆ ಮುಂಜಿಗೆ ಬರ್ತೀರಾ?" ಬರ್ತೀನಿ ಅಂದೆ. ಒಂದು ವರ್ಷ ಹೋದೆವು ಕೂಡ. ಕರೆದ ಎಲ್ಲ ಕಡೆಗೂ ಹೋದೆವು, ಕರೆಯದ ಒಂದೆರಡು ಕಡೆಗೂ.

ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿ ಹದಿನೇಳು ವರ್ಷ. ಪಾದ ಊದಿಕೊಂಡಾಗ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಕ್ಕೆ ಅಂದುಕೊಂಡೆವು. ಆಮೇಲೆ ಕ್ರಿಯಾಟಿನಿನ್ ಅನ್ನೋ ಹೊಸ ಪದ ಮನೆಗೆ ಬಂತು, ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಕಸವಂತೆ. ಈಗ ಡಯಾಲಿಸಿಸ್ ಶುರುವಾಗಿ ಮೂರು ವರ್ಷ. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಏಳರ ಶಿಫ್ಟ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮಿಕ್ಕ ದಿನಗಳಿಗೆ ನಮ್ಮ ಮನೆಯಲ್ಲಿ "ಆಫ್" ಅಂತೀವಿ. ಡಿಪೊ ಭಾಷೆ ನನ್ನನ್ನು ಬಿಟ್ಟಿಲ್ಲ. ನನ್ನ ಕಿಡ್ನಿ ಕೊಡೋಣ ಅಂತ ನೋಡಿದೆವು, ನನಗೂ ಬಿಪಿ, ಶುಗರ್ ಎರಡೂ ಇರೋದರಿಂದ ಆಗಲ್ಲ ಅಂದರು. ಅಂಗದಾನ ನೋಡಿಕೊಳ್ಳುವ ಸರ್ಕಾರದ ಜೀವಸಾರ್ಥಕತೆಯಲ್ಲಿ ಕಿಡ್ನಿಗೆ ಹೆಸರು ಬರೆಸಿದ್ದೇವೆ. ಸರತಿ ಬರಬೇಕು.

"ಒಂದಿನ ಬಿಟ್ಟರೆ ಏನಾಗುತ್ತೆ?" ಅಂತ ಕೇಳುವವರು ಬೇಕಾದಷ್ಟು ಜನ. ಕೆಟ್ಟ ಮನಸ್ಸಿನಿಂದ ಕೇಳಲ್ಲ, ಗೊತ್ತಿಲ್ಲದೆ ಕೇಳುತ್ತಾರೆ. ಅವರಿಗೆ ನಾನು ಲೆಕ್ಕ ಹೇಳುತ್ತೇನೆ. ವಾರಕ್ಕೆ 168 ಗಂಟೆ. ನಿಮ್ಮ ಕಿಡ್ನಿ ಅಷ್ಟೂ ಹೊತ್ತು ಕೆಲಸ ಮಾಡುತ್ತೆ, ನೀವು ನಿದ್ದೆ ಮಾಡುವಾಗಲೂ. ಅದೇ ಕೆಲಸವನ್ನು ಮೆಷಿನ್ 12 ಗಂಟೆಯಲ್ಲಿ ಮುಗಿಸಬೇಕು. ಮುಗಿಸಲು ಆಗಲ್ಲ, ಆದಷ್ಟು ಮಾಡುತ್ತೆ. ಅದರಲ್ಲೂ ಒಂದು ಸಲ ತಪ್ಪಿದರೆ ಕುಡಿದ ನೀರು ಹೊರಗೆ ಹೋಗಲು ದಾರಿ ಇಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತೆ, ಮಲಗಿದರೆ ಉಸಿರು ಕಟ್ಟುತ್ತೆ. ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ಅದಕ್ಕೇ ಅವಳಿಗೆ ಎಳನೀರು, ಬಾಳೆಹಣ್ಣು, ಟೊಮೆಟೊ ಎಲ್ಲ ದೂರ. ತರಕಾರಿ ಹೆಚ್ಚಿ ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ, ಆಮೇಲೆ ಒಗ್ಗರಣೆ. ಇಡೀ ದಿನಕ್ಕೆ ಎಲ್ಲಾ ಸೇರಿ ಮುಕ್ಕಾಲು ಲೀಟರ್ ನೀರು, ಕಾಫಿ ಮಜ್ಜಿಗೆಯೂ ಅದರಲ್ಲೇ ಬಂತು. ಮದುವೆ ಮನೆಗೆ ಹೋದರೆ ಬಾಗಿಲಲ್ಲೇ ಪಾನಕ ಕೊಡುತ್ತಾರೆ. ಅವಳು ಲೋಟ ತಗೊಂಡು ತುಟಿಗೆ ಮುಟ್ಟಿಸಿ ನನ್ನ ಕೈಗೆ ದಾಟಿಸುತ್ತಾಳೆ. ಬೇಡ ಅಂದರೆ ಬೇಜಾರು ಮಾಡ್ಕೋತಾರೆ ಅಂತ. ಹೀಗೆ ನಾನು ಎಷ್ಟು ಮದುವೆಯಲ್ಲಿ ಎರಡೆರಡು ಲೋಟ ಪಾನಕ ಕುಡಿದಿದ್ದೇನೋ, ನನ್ನ ಶುಗರ್ ರಿಪೋರ್ಟೇ ಹೇಳಬೇಕು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಡಯಾಲಿಸಿಸ್‌ಗೆ ರಕ್ತ ಜೋರಾಗಿ ಹರಿಯುವ ದಾರಿ ಬೇಕು. ಅದಕ್ಕೆ ಕೈಯಲ್ಲಿ ಸಣ್ಣ ಆಪರೇಷನ್ ಮಾಡಿ, ಹೃದಯದಿಂದ ಬರುವ ರಕ್ತನಾಳವನ್ನು ಹೃದಯಕ್ಕೆ ವಾಪಸ್ ಹೋಗುವ ನಾಳಕ್ಕೆ ಜೋಡಿಸುತ್ತಾರೆ. ಫಿಸ್ಟುಲಾ ಅಂತಾರೆ. ಅವಳಿಗೆ ಎಡಗೈ ಮಣಿಕಟ್ಟಿನ ಹತ್ತಿರ ಮಾಡಿದ್ದರು. ಅದರ ಮೇಲೆ ಬೆರಳಿಟ್ಟರೆ ಒಳಗೆ ಗುರ್ ಅಂತ ಅದುರುತ್ತದೆ. ನಿಂತ ಬಸ್ಸಿನಲ್ಲಿ ಇಂಜಿನ್ ಆನ್ ಇರುವಾಗ ಗೇರ್ ರಾಡ್ ಮೇಲೆ ಕೈ ಇಟ್ಟರೆ ಹೇಗಿರುತ್ತೋ ಹಾಗೆ. ದಿನಾ ನೋಡಿಕೊಳ್ಳಿ, ಆ ಗುರ್ ನಿಂತರೆ ತಕ್ಷಣ ಬನ್ನಿ ಅಂದಿದ್ದರು. ಆ ಕೆಲಸ ನನ್ನದು. ಬೆಳಗ್ಗೆ ಐದಕ್ಕೆ ಎದ್ದು, ರಾತ್ರಿ ಮಲಗುವ ಮೊದಲು. ಆ ಕೈಗೆ ಬಿಪಿ ಪಟ್ಟಿ ಕಟ್ಟೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ, ಅದರ ಮೇಲೆ ಮಲಗೋ ಹಾಗಿಲ್ಲ, ವಾಚು, ಬಿಗಿ ಬಳೆ ಹಾಕೋ ಹಾಗಿಲ್ಲ.

ಬಳೆ ಹಾಕೋ ಹಾಗಿಲ್ಲ ಅನ್ನೋದು ಗಂಡಸರಿಗೆ ಒಂದು ಮಾತೇ ಅಲ್ಲ. ಅವಳಿಗೆ ಸೂಜಿಗಿಂತ ಅದೇ ಜಾಸ್ತಿ ಚುಚ್ಚಿತು. ಮೂರು ವರ್ಷದಿಂದ ಬಲಗೈಗೆ ಮಾತ್ರ ಬಳೆ. ಒಂದು ಮನೆಯ ಅರಿಶಿನ ಕುಂಕುಮಕ್ಕೆ ಹೋದಾಗ ಹಿರಿಯರೊಬ್ಬರು, "ಮುತ್ತೈದೆ ಒಂದು ಕೈ ಬರಿದು ಬಿಡಬಾರದಮ್ಮ, ಗಂಡನಿಗೆ ಒಳ್ಳೇದಲ್ಲ" ಅಂದರಂತೆ. ಬಂದು ನನ್ನ ಮುಂದೆ ನಗುತ್ತಲೇ ಹೇಳಿದಳು. ಆಮೇಲೆ ಅಂಥ ಕಡೆ ಸೆರಗು ಎಡಗೈ ಮೇಲೆ ಎಳೆದುಕೊಂಡು ಕೂರೋದು ಅಭ್ಯಾಸ ಮಾಡಿಕೊಂಡಳು.

ಈಗ ಮದುವೆ ವಿಷಯ. ನನ್ನ ತಂಗಿ ಶಿವಮೊಗ್ಗದಲ್ಲಿದ್ದಾಳೆ. ಅವಳ ಒಬ್ಬಳೇ ಮಗಳ ಮದುವೆ. ನಮ್ಮ ಕಡೆ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರೋದು ಸೋದರಮಾವ. ನಮ್ಮಪ್ಪನ ಕಾಲದಲ್ಲಿ ಎತ್ತಿಕೊಂಡೇ ಬರುತ್ತಿದ್ದರಂತೆ. ತಂಗಿಗೆ ಇರೋ ಅಣ್ಣ ನಾನೊಬ್ಬನೇ. ಮುಹೂರ್ತ ನೋಡುವಾಗ ಪುರೋಹಿತರು ಎರಡು ದಿನ ಕೊಟ್ಟಿದ್ದರು, ಒಂದು ಗುರುವಾರ, ಒಂದು ಭಾನುವಾರ. ಗುರುವಾರಕ್ಕೆ ಚೌಲ್ಟ್ರಿ ಬಾಡಿಗೆ ಕಮ್ಮಿ. ಆದರೂ ತಂಗಿ ಭಾನುವಾರವೇ ಇರಲಿ ಅಂದಳು. ಶನಿವಾರ ಡಯಾಲಿಸಿಸ್ ಆಗಿರುತ್ತೆ, ಮಾರನೇ ದಿನ ಅತ್ತಿಗೆ ಚೆನ್ನಾಗಿರ್ತಾಳೆ ಅಂತ. ಇದನ್ನು ಇಲ್ಲಿ ಬರೆಯಲೇಬೇಕು. ನನ್ನ ತಂಗಿ ತನ್ನ ಕೈಲಾದ್ದನ್ನೆಲ್ಲ ಮಾಡಿದ್ದಳು.

ಎರಡು ತಿಂಗಳು ನಮ್ಮ ಮನೆಯಲ್ಲಿ ಅದೇ ಮಾತು. ಶನಿವಾರ ಹನ್ನೊಂದಕ್ಕೆ ಮೆಷಿನ್‌ನಿಂದ ಇಳಿಯೋದು, ಮನೆಗೆ ಬಂದು ಎರಡು ಗಂಟೆ ಮಲಗೋದು, ಎರಡಕ್ಕೆ ಕಾರು. ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ. ಆರಕ್ಕೆ ಶಿವಮೊಗ್ಗ, ವರಪೂಜೆ ಹೊತ್ತಿಗೆ ಸರಿಯಾಗಿ. ಅವಳ ಊಟಕ್ಕೆ ಬೇರೆ ಡಬ್ಬಿ. ನನಗೆ ಜರಿ ಅಂಚಿನ ಪಂಚೆ, ಶಲ್ಯ ತಂದಿದ್ದಾಯಿತು. ಶೆಡ್ಯೂಲ್ ಹಾಕೋದರಲ್ಲಿ ನಾನು ಎತ್ತಿದ ಕೈ. ಪೇಪರ್ ಮೇಲೆ ಎಲ್ಲಾ ಟೈಮಿಗೆ ಸರಿಯಾಗಿತ್ತು.

ಗುರುವಾರ ಮೆಷಿನ್ ಮೇಲಿದ್ದಾಗ ಅವಳ ಬಿಪಿ ತೀರಾ ಇಳಿದುಹೋಯಿತು. ಕಣ್ಣು ಕತ್ತಲೆ ಬಂತು, ಬೆವರಿದಳು. ಕಾಲು ಮೇಲೆ ಮಾಡಿ ಸಲೈನ್ ಕೊಟ್ಟರು, ಸುಧಾರಿಸಿಕೊಂಡಳು. ಇದು ಆಗಾಗ ಆಗೋದೇ. ನಾವು ಅದನ್ನು ದೊಡ್ಡದು ಮಾಡಲಿಲ್ಲ.

ಶುಕ್ರವಾರ ಸಂಜೆ ಶಿವಮೊಗ್ಗದಿಂದ ಬಂದ ಒಬ್ಬರ ಕೈಲಿ ತಂಗಿ ಅತ್ತಿಗೆಗೆ ಅಂತ ಬಳೆ ಕಳಿಸಿದಳು. ಹಸಿರು ಗಾಜಿನ ಬಳೆ, ಎರಡು ಡಜನ್. ಬಳೆ ಶಾಸ್ತ್ರದ್ದು. ರಾತ್ರಿ ನಾನು ಬ್ಯಾಗ್ ಜೋಡಿಸಿ ರೂಮಿಗೆ ಬಂದಾಗ ಅವಳು ಮಂಚದ ಮೇಲೆ ಕೂತು ಎರಡೂ ಕೈಗೆ ಹಾಕಿಕೊಂಡಿದ್ದಳು. ಕೈ ಮುಂದೆ ಚಾಚಿ, ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಸುಮ್ನೆ ನೋಡ್ತಾ ಇದ್ದೀನಿ, ತೆಗೆದುಬಿಡ್ತೀನಿ" ಅಂದಳು. ಮೂರು ವರ್ಷದ ಮೇಲೆ ಅವಳ ಎರಡೂ ಕೈ ಸದ್ದು ಮಾಡಿದ್ದು. ನಾನು ತೆಗಿ ಅನ್ನಲಿಲ್ಲ. ಅವತ್ತು ರಾತ್ರಿ ಮಣಿಕಟ್ಟು ಮುಟ್ಟಿ ನೋಡಲೂ ಇಲ್ಲ. ನೋಡಲು ಹೋದರೆ ಬಳೆ ಸರಿಸಬೇಕಿತ್ತು. ಹಾಗೇ ಲೈಟ್ ಆರಿಸಿದೆ.

ಬೆಳಗ್ಗೆ ಐದಕ್ಕೆ ಎದ್ದೆ. ಅವಳು ಬಳೆ ಹಾಕಿಕೊಂಡೇ ನಿದ್ದೆ ಹೋಗಿದ್ದಳು. ಬಳೆಗಳನ್ನು ಮೊಣಕೈ ಕಡೆ ಮೆಲ್ಲಗೆ ಸರಿಸಿ ಬೆರಳಿಟ್ಟೆ. ಏನೂ ಇಲ್ಲ. ಬೆರಳು ಬದಲಿಸಿದೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮತ್ತೆ ಇಟ್ಟೆ. ಏನೂ ಇಲ್ಲ. ಬಸ್ಸು ಘಾಟಿಯಲ್ಲಿ ಆಫ್ ಆದಾಗ ಮೊದಲು ಗೊತ್ತಾಗೋದು ಕಾಲಿಗೆ, ಆಮೇಲೆ ಕಿವಿಗೆ. ಪ್ಯಾಸೆಂಜರ್‌ಗಳಿಗೆ ಇನ್ನೂ ಗೊತ್ತಿರಲ್ಲ, ಮಾತಾಡುತ್ತಾ ಇರುತ್ತಾರೆ. ಅವಳು ಕಣ್ಣು ಬಿಟ್ಟು, "ಕಾಫಿ ಆಮೇಲೆ ಮಾಡ್ತೀನಿ, ಮೊದಲು ಆ ಪಂಚೆ ಇಸ್ತ್ರಿ ಮಾಡಿಸ್ಕೊಂಡು ಬನ್ನಿ" ಅಂದಳು. ನನ್ನ ಮುಖ ನೋಡಿ ತನ್ನ ಕೈಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಡಯಾಲಿಸಿಸ್ ಸೆಂಟರಿನ ಟೆಕ್ನಿಷಿಯನ್ ಹುಡುಗ ಸ್ಟೆತಸ್ಕೋಪ್ ಇಟ್ಟು ಕೇಳಿದ. ತಲೆ ಅಲ್ಲಾಡಿಸಿದ. "ಬ್ಲಾಕ್ ಆಗಿದೆ ಅಂಕಲ್. ಬೆಂಗಳೂರಿಗೆ ಹೋಗಿ, ಬೇಗ ಹೋದಷ್ಟೂ ತೆರೆಯೋ ಚಾನ್ಸ್ ಜಾಸ್ತಿ." ಡಾಕ್ಟರೂ ಅದನ್ನೇ ಅಂದರು. ಅವತ್ತಿನ ಡಯಾಲಿಸಿಸ್ ಕೂಡ ಬಾಕಿ. ಎಲ್ಲಿ ಸೂಜಿ ಹಾಕೋದು?

ಶಿವಮೊಗ್ಗಕ್ಕೆ ಅಂತ ಬುಕ್ ಮಾಡಿದ್ದ ಕಾರನ್ನೇ ಬೇಗ ಕರೆಸಿದೆ. ನಾನೇ ಓಡಿಸ್ತೀನಿ ಅಂದೆ. ಡ್ರೈವರ್ ಹುಡುಗ ನನ್ನ ಕೈ ನೋಡಿ ಕೀ ಕೊಡಲಿಲ್ಲ, ಒಳ್ಳೇದೇ ಮಾಡಿದ. ಡಿಕ್ಕಿಯಲ್ಲಿ ಮದುವೆ ಬ್ಯಾಗ್ ಹಾಗೇ ಇತ್ತು. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ಎಷ್ಟು ಸಾವಿರ ಸಲ ಓಡಾಡಿದ ರಸ್ತೆಯೋ. ಪಕ್ಕದ ಸೀಟಿನಲ್ಲಿ ಕೂತು ನನ್ನ ಕಾಲು ತಾನೇ ಬ್ರೇಕ್ ಒತ್ತುತ್ತಿತ್ತು. ನಿಜ ಹೇಳಬೇಕು. ಯಡಿಯೂರು ದಾಟುವವರೆಗೆ ನಾನು ಅವಳ ಮೇಲೆ ಕೋಪದಲ್ಲಿದ್ದೆ. ಬಳೆ ಯಾಕೆ ಹಾಕ್ಕೊಂಡೆ ಅಂತ. ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಅವಳಿಗೆ ಗೊತ್ತಾಗದೇ ಇರುತ್ತಾ? ಎರಡು ಗಂಟೆ ಕಿಟಕಿ ಕಡೆಯೇ ನೋಡುತ್ತಾ ಕೂತಿದ್ದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸಂಜೆ ನಾಲ್ಕಕ್ಕೆ ಒಳಗೆ ಕರೆದರು. ಮೊದಲು ಕುತ್ತಿಗೆಗೆ ಪೈಪ್ ಹಾಕಿ ಅದರಲ್ಲಿ ಡಯಾಲಿಸಿಸ್, ಬೆಳಗ್ಗೆ ಕೈ ನೋಡೋಣ ಅಂದರು. ಕೈಯಲ್ಲಿ ಬಳೆ ಇರಬಾರದು. ಬರುವಾಗಲೇ ತೆಗೆಯಲು ನೋಡಿದ್ದೆವು, ಕೈ ಸ್ವಲ್ಪ ಊದಿತ್ತು, ನೋವು ಬೇರೆ. ನರ್ಸ್ ಹುಡುಗಿ, "ಒಡೆದು ತೆಗೀತೀನಿ ಆಂಟಿ, ಎರಡು ನಿಮಿಷ" ಅಂದಳು. ನನ್ನ ಹೆಂಡತಿ ಕೈ ಹಿಂದಕ್ಕೆ ಎಳೆದುಕೊಂಡಳು. ಒಡೆಯೋದು ಬೇಡ, ಅಂದಳು. ಮಲಯಾಳಿ ಹುಡುಗಿ, ಅವಳಿಗೆ ಪಾಪ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಗಂಡ ಎದುರಿಗೆ ನಿಂತಿರುವಾಗ ಮುತ್ತೈದೆಯ ಕೈಬಳೆ ಒಡೆಯೋದು ಅಂದರೆ ಏನು ಅಂತ ನಿಮಗೂ ಗೊತ್ತು.

ಬಾತ್‌ರೂಮಿನಿಂದ ಸೋಪು ತಂದೆ. ಅವಳ ಕೈಯನ್ನು ವಾಶ್ ಬೇಸಿನ್ ಮೇಲೆ ಹಿಡಿದುಕೊಂಡು, ನೊರೆ ಮಾಡಿ, ಹೆಬ್ಬೆರಳನ್ನು ಅಂಗೈ ಒಳಗೆ ಮಡಿಸಿ, ಒಂದೊಂದಾಗಿ ಜಾರಿಸಿದೆ. ಬಳೆ ತೊಡಿಸುವವರು ಹೇಗೆ ಗೆಣ್ಣು ಒತ್ತಿ ಹಾಕುತ್ತಾರೋ ಹಾಗೇ ಉಲ್ಟಾ. ಮೊದಲ ನಾಲ್ಕು ಸುಲಭವಾಗಿ ಬಂದವು. ಐದನೆಯದಕ್ಕೆ ಅವಳು ತುಟಿ ಕಚ್ಚಿದಳು. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳಲು ಶುರುವಾಯಿತು. ಶಿವಮೊಗ್ಗದವರು. ನನ್ನ ಎರಡೂ ಕೈ ಸೋಪು. ನಿಂತಿತು, ಮತ್ತೆ ಹೊಡೆಯಿತು. ಹನ್ನೆರಡು ಬಳೆ ಮುಗಿಯುವಷ್ಟರಲ್ಲಿ ಒಂಬತ್ತು ಮಿಸ್ಡ್ ಕಾಲ್. ಒಂದೂ ಒಡೆಯಲಿಲ್ಲ. ತೊಳೆದು ಕರ್ಚೀಫಿನಲ್ಲಿ ಸುತ್ತಿ ಷರ್ಟಿನ ಜೇಬಿಗೆ ಹಾಕಿಕೊಂಡೆ.

ಆಮೇಲೆ ತಂಗಿಗೆ ಫೋನ್ ಮಾಡಿದೆ. ಬೆಳಗ್ಗೆಯೇ ಸುದ್ದಿ ಹೇಳಿದ್ದೆ, ಆದರೂ ರಾತ್ರಿಯೊಳಗೆ ಹೇಗಾದರೂ ಬರುತ್ತೇನೆ ಅಂತ ಅವಳು ಅಂದುಕೊಂಡಿದ್ದಳು. "ಮಗ ಬೆಂಗಳೂರಲ್ಲೇ ಇದ್ದಾನಲ್ಲ ಅಣ್ಣ, ಅವನು ನೋಡ್ಕೋತಾನೆ. ನೀನು ರಾತ್ರಿ ಬಸ್ಸಿಗೆ ಹತ್ತು" ಅಂದಳು. ಹಿಂದುಗಡೆ ನಾದಸ್ವರ ಕೇಳಿಸುತ್ತಿತ್ತು. ಮಗನೂ ಹೋಗಪ್ಪ ಅಂದ. ಹೆಂಡತಿಯೂ ಮೆಷಿನ್ ಮೇಲೆ ಮಲಗಿಕೊಂಡೇ, "ಹೋಗಿ, ಒಬ್ಬಳೇ ಸೋದರ ಸೊಸೆ" ಅಂದಳು.

ಹೋಗಬಹುದಿತ್ತು. ಅದನ್ನು ಮುಚ್ಚಿಡಲ್ಲ. ಮೆಜೆಸ್ಟಿಕ್‌ನಲ್ಲಿ ಹನ್ನೊಂದರ ಬಸ್ಸು ಹತ್ತಿದರೆ ಬೆಳಕು ಹರಿಯೋದರೊಳಗೆ ಶಿವಮೊಗ್ಗ. ಹತ್ತು ಗಂಟೆಗೆ ಆಸ್ಪತ್ರೆ ಗೇಟಿನ ಹೊರಗೆ ಬಂದು ಆಟೊ ಕೂಡ ನಿಲ್ಲಿಸಿದೆ. ಎಲ್ಲಿಗೆ ಸಾರ್ ಅಂದ. ಜೇಬಿನಲ್ಲಿ ಬಳೆ ಸದ್ದಾಯಿತು. ಅದಕ್ಕೇ ವಾಪಸ್ ಬಂದೆ ಅಂತ ಬರೆದರೆ ಸಿನಿಮಾ ಆಗುತ್ತೆ. ನನಗೆ ನೆನಪಾಗಿದ್ದು ಶಿರಾಡಿ ಘಾಟಿ. ಅವತ್ತು ಅವಳು ಹೆರಿಗೆ ವಾರ್ಡಿನಲ್ಲಿದ್ದಳು, ನಾನು ಸ್ಟಿಯರಿಂಗ್ ಮೇಲೆ ಕೈ ಇಟ್ಟು ಸುಮ್ಮನೆ ಕೂತಿದ್ದೆ, ಇಳಿದು ಹೋಗಲು ಆಗುತ್ತಿರಲಿಲ್ಲ, ಗಾಡಿ ನನ್ನ ಜವಾಬ್ದಾರಿ. ಯಾರೂ ನನ್ನನ್ನು ಬಯ್ಯಲಿಲ್ಲ. ಈಗ ಗಾಡಿ ಇಲ್ಲ, ಡಿಪೊ ಇಲ್ಲ, ರಜೆ ಕೇಳಬೇಕಾದವರು ಯಾರೂ ಇಲ್ಲ. ಆಟೊದವನಿಗೆ ಬೇಡಪ್ಪ ಅಂದೆ. ಏನೋ ಗೊಣಗಿಕೊಂಡು ಹೋದ.

ಭಾನುವಾರ ಹತ್ತೂ ನಲವತ್ತಕ್ಕೆ ಕರ್ಕಾಟಕ ಲಗ್ನ. ಕಾರಿಡಾರಿನಲ್ಲಿ ಮಗನ ಫೋನಿನಲ್ಲಿ ವಿಡಿಯೊ ಕಾಲ್ ಹಾಕಿದರು. ಅಲ್ಲಿ ಫೋನ್ ಹಿಡಿದಿದ್ದ ಹುಡುಗ ಅಕ್ಷತೆ ಹಾಕುವ ಗಡಿಬಿಡಿಯಲ್ಲಿ ಕೈ ತಿರುಗಿಸಿಬಿಟ್ಟ. ನಾನು ನೋಡಿದ್ದು ಚೌಲ್ಟ್ರಿಯ ಸೀಲಿಂಗ್ ಫ್ಯಾನು, ಚೆಂಡು ಹೂವಿನ ಒಂದು ಸರ, ಯಾರದೋ ಮೊಣಕೈ. ಗಟ್ಟಿಮೇಳ ಗಟ್ಟಿಮೇಳ ಅಂದಿದ್ದು ಮಾತ್ರ ಸ್ಪಷ್ಟವಾಗಿ ಕೇಳಿತು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಮಂಟಪಕ್ಕೆ ಹುಡುಗಿಯನ್ನು ಕರೆತಂದದ್ದು ನಮ್ಮ ಚಿಕ್ಕಪ್ಪನ ಮೊಮ್ಮಗ, ಇಪ್ಪತ್ನಾಲ್ಕು ವರ್ಷದವನು, ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಅದನ್ನು ಫೋಟೊದಲ್ಲಿ ನೋಡಿದೆ. ಹನ್ನೆರಡೂವರೆಗೆ ಡಾಕ್ಟರ್ ಹೊರಗೆ ಬಂದು ಆ ನಾಳ ತೆರೆಯಲಿಲ್ಲ ಅಂದರು. ಒಳಗೆ ಬಹಳ ದಿನದಿಂದ ಸಣ್ಣಗಾಗಿತ್ತಂತೆ, ಗುರುವಾರ ಬಿಪಿ ಇಳಿದಾಗಲೇ ರಕ್ತ ಹೆಪ್ಪುಗಟ್ಟಲು ಶುರುವಾಗಿರಬೇಕು. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ, ಬಳೆಯಿಂದ ಆಯ್ತಾ ಡಾಕ್ಟರೇ? ಅವರು, "ಬಳೆ ಒಂದು ನೆಪ ಅಷ್ಟೇ ಅಮ್ಮ, ಇವತ್ತಲ್ಲ ನಾಳೆ ಆಗೋದೇ ಇತ್ತು" ಅಂದರು. ನೆಪ ಅನ್ನೋ ಪದವನ್ನು ಹೀಗೂ ಹೇಳಬಹುದು ನೋಡಿ. ನಿಮ್ಮ ಪತ್ರ ಬರೆದವರಿಗೆ ಇದನ್ನು ತಿಳಿಸಿ.

ಮದುವೆಯಾದ ಮೇಲೆ ಬಂದ ಮಾತುಗಳನ್ನೆಲ್ಲ ಬರೆಯಲ್ಲ. ಒಂದೆರಡು ಸಾಕು. "ಅವಳಿಗೆ ಯಾವಾಗಲೂ ಇದ್ದದ್ದೇ." "ಮಗ ಇರಲಿಲ್ವಾ?" "ಹೆಂಡತಿ ಸೆರಗು ಹಿಡ್ಕೊಂಡು ಕೂತ." ಒಬ್ಬರಂತೂ ಮುಯ್ಯಿ ತಪ್ಪಿಸಿಕೊಳ್ಳಲು ಅಂದರಂತೆ. ಮುಯ್ಯಿ ದುಡ್ಡನ್ನು ನಾನು ಶನಿವಾರ ರಾತ್ರಿಯೇ ಆಸ್ಪತ್ರೆಯ ಬಿಲ್ ಕೌಂಟರ್ ಸಾಲಿನಲ್ಲಿ ನಿಂತು ಫೋನ್‌ಪೇ ಮಾಡಿದ್ದೆ, ಬೇಕಾದರೆ ಮೆಸೇಜ್ ತೋರಿಸುತ್ತೇನೆ. ಇವರೇ ಅಲ್ವಾ 31 ವರ್ಷ ಪಾಪ ಡ್ಯೂಟಿ ಅಂದವರು? ಕಾಯಿಲೆ ಹೊಸದಾಗಿದ್ದಾಗ ಹಣ್ಣು ಹಿಡಿದುಕೊಂಡು ಬಂದು ನೋಡಿಕೊಂಡು ಹೋದರು. ಅದು ಮೂರು ವರ್ಷ ಎಳೆದಾಗ ಅವರಿಗೆ ಹಳತಾಯಿತು. ನಮಗೆ ಪ್ರತಿ ಮಂಗಳವಾರ ಹೊಸದೇ. ಈ ನಡುವೆ ಹಣ್ಣು ತಂದವರಲ್ಲಿ ಹೆಚ್ಚಿನವರು ತಂದದ್ದು ಬಾಳೆಹಣ್ಣು, ಅದು ಬೇರೆ ಮಾತು.

ಸರ್ಕಾರಕ್ಕೂ ಒಂದು ಮಾತಿದೆ. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಹೇಳಿದರು. ಈಗ ಬಡವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲೂ ದುಡ್ಡಿಲ್ಲದೆ ಡಯಾಲಿಸಿಸ್ ಆಗುತ್ತಿದೆ, ಇದರಿಂದ ಬದುಕಿರುವ ಎಷ್ಟೋ ಜನರನ್ನು ನಾನು ದಿನಾ ನೋಡುತ್ತೇನೆ. ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ಮಾಡಿದ ನೀರು ಬೇಕು, ಬೇಸಿಗೆಯಲ್ಲೂ ಅದನ್ನು ಹೊಂದಿಸುತ್ತಾರೆ. ಸುಮ್ಮನೆ ದೂರೋದು ಸರಿಯಲ್ಲ. 'ಒಂದು ರಾಷ್ಟ್ರ, ಒಂದು ಡಯಾಲಿಸಿಸ್' ಅಂತಲೂ ಹೇಳಿದ್ದಾರೆ, ಎಲ್ಲಿ ಹೆಸರು ಬರೆಸಿದರೂ ಬೇರೆ ಊರಲ್ಲಿ ಮಾಡಿಸಿಕೊಳ್ಳಬಹುದು ಅಂತ. ಹೋದ ವರ್ಷ ಸೋದರ ಸೊಸೆಯ ನಿಶ್ಚಿತಾರ್ಥಕ್ಕೆ ನಾಲ್ಕು ದಿನ ತಂಗಿ ಮನೆಯಲ್ಲಿರೋಣ ಅಂತ ಆ ಕಡೆ ಒಂದು ಸೆಂಟರಿನಲ್ಲಿ ವಿಚಾರಿಸಿದೆ. ಎಚ್‌ಐವಿ, ಹೆಪಟೈಟಿಸ್ ರಿಪೋರ್ಟ್ ತನ್ನಿ ಅಂದರು, ಸರಿ, ಅದು ಬೇಕಾದ್ದೇ, ತಗೊಂಡು ಹೋದೆ. ಆಮೇಲೆ ಮೆಷಿನ್ ಖಾಲಿ ಇಲ್ಲ ಅಂದರು. ಅದೂ ನಿಜವೇ, ಅವರ ಪೇಷೆಂಟುಗಳೇ ಸಾಲಿನಲ್ಲಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಾಸ್ ಇದೆ, ಸೀಟಿಲ್ಲ. ಬಸ್ಸಿನಲ್ಲಿ ಹೆಂಗಸರಿಗೆ, ಅಂಗವಿಕಲರಿಗೆ ಸೀಟು ಬಿಡುವ ಹಾಗೆ ಪ್ರತಿ ಜಿಲ್ಲೆಯಲ್ಲಿ ಒಂದು ಮೆಷಿನ್‌ನ ಒಂದು ಶಿಫ್ಟನ್ನಾದರೂ ಪರಊರಿನಿಂದ ಬಂದವರಿಗೆ ಅಂತ ಇಡಲಿ. ಮದುವೆಗೆ, ಸಾವಿಗೆ, ಊರ ಜಾತ್ರೆಗೆ ಅಂತ ಬರುವವರಿಗೆ. ಡಯಾಲಿಸಿಸ್ ಆಗುವವರಿಗೂ ನೆಂಟರಿರುತ್ತಾರೆ.

ಜೂನ್‌ನಲ್ಲಿ ಮೊಣಕೈ ಮೇಲೆ ಹೊಸ ಫಿಸ್ಟುಲಾ ಮಾಡಿದರು. ಅದು ಬಲಿಯುವವರೆಗೆ ಕುತ್ತಿಗೆಯ ಪೈಪೇ. ಅದು ನೆನೆಯಬಾರದು, ಹಾಗಾಗಿ ತಲೆಗೆ ನೀರಿಲ್ಲ. ಶುಕ್ರವಾರ ಎಣ್ಣೆ ನೀರು ತಪ್ಪಿಸದವಳು ಈಗ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾಳೆ. ನಾಳ ದಪ್ಪ ಆಗಲಿ ಅಂತ ರಬ್ಬರ್ ಚೆಂಡು ಹಿಸುಕಬೇಕು. ಮೊಮ್ಮಗನದೊಂದು ಹಳದಿ ಚೆಂಡು ಇದೆ, ಅದನ್ನೇ ಹಿಸುಕುತ್ತಾಳೆ, ನಾನು ಎಣಿಸುತ್ತೇನೆ. ಹೊಸ ಜಾಗದಲ್ಲಿ ಗುರ್ ಇದೆ, ಹಳೆಯದಕ್ಕಿಂತ ಜೋರಾಗಿದೆ. ಮಣಿಕಟ್ಟು ಈಗ ಖಾಲಿ. ಇಲ್ಲಿ ಬಳೆ ಹಾಕಬಹುದಾ ಅಂತ ಡಾಕ್ಟರನ್ನು ಕೇಳಿ ಅಂತ ಅವಳು ಅಂದಳು. ಒಂದೆರಡು, ಸಡಿಲವಾಗಿ, ಹಗಲು ಮಾತ್ರ ಅಂದರು.

ತಂಗಿ ಎರಡು ತಿಂಗಳು ಮಾತಾಡಿರಲಿಲ್ಲ. ಸಿಟ್ಟಿಗಿಂತ ಜಾಸ್ತಿ ನೋವು ಅಂತ ನನಗೆ ಗೊತ್ತಿತ್ತು, ಅಣ್ಣ ಇದ್ದೂ ಇಲ್ಲದ ಹಾಗಾಯಿತಲ್ಲ ಅಂತ. ಮೊನ್ನೆ ರಾತ್ರಿ ಅವಳೇ ಫೋನ್ ಮಾಡಿದಳು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ನಾನು ಹೋಗೋದು ಪದ್ಧತಿ.

"ಈ ಸಲ ಬಾಗಿನ ತಗೊಂಡು ನೀನು ಬರೋದು ಬೇಡ. ಮಗಳು ಅಳಿಯನ್ನ ಕರ್ಕೊಂಡು ನಾವೇ ಬರ್ತೀವಿ" ಅಂದಳು. ಸ್ವಲ್ಪ ತಡೆದು ಕೇಳಿದಳು, "ಅತ್ತಿಗೆಗೆ ಯಾವತ್ತು ಆಫ್?"

ಹಬ್ಬ ಮಂಗಳವಾರವೇ ಬಿದ್ದಿದೆ. ಬುಧವಾರ ಬಾ ಅಂದೆ, ಕಡುಬಿನ ಹೊತ್ತಿಗೆ.

ಇಂತಿ,
ನಿವೃತ್ತ ಬಸ್ ಚಾಲಕ,
ಹಾಸನ ಜಿಲ್ಲೆ
(ಹೆಸರು ಹಾಕಬೇಡಿ, ನೆಂಟರು ಪೇಪರ್ ಓದುತ್ತಾರೆ)